ಹಿಮದಡಿಯ ಮೇವು, ಮೇಜಿನ ಮೇಲಿನ ನಕ್ಷೆ

ಉತ್ತರ ಸ್ವೀಡನ್ನಿನ ಸಾಮಿ ಜನರ ಭಾಷೆಯಲ್ಲಿ ‘ಗುವೊಹ್ತುನ್’ ಎಂಬ ಪದವಿದೆ. ‘ಮೇವು’ ಎಂದು ಅರ್ಥ ಬರೆದರೆ ನಿಘಂಟಿನವರಿಗೆ ಸಾಕು, ಹಿಮಸಾರಂಗ ಸಾಕುವವರಿಗೆ ಸಾಲದು. ನೆಲದಲ್ಲಿ ಕಲ್ಲುಹೂವು ಇರಬೇಕು, ಮೇಲಿನ ಹಿಮ ಗೊರಸಿಗೆ ಬಗೆಯಲು ಸಿಗುವಷ್ಟು ಸಡಿಲವಿರಬೇಕು, ನಡುವೆ ಮಂಜುಗಡ್ಡೆಯ ಪದರ ಕಟ್ಟಿರಬಾರದು. ಇಷ್ಟೂ ಕೂಡಿ ಬಂದರೆ ಗುವೊಹ್ತುನ್. ಆ ಕಲ್ಲುಹೂವು ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವಿನ ಬಳಗದ್ದೇ. ಅಲ್ಲಿ ಪೈನ್ ಕಾಡಿನ ನೆಲಕ್ಕೆ ಬಿಳಿ ಹಾಸು ಹಾಸಿದಂತೆ ಬೆಳೆಯುತ್ತದೆ, ವರ್ಷಕ್ಕೆ ಕೆಲವೇ ಮಿಲಿಮೀಟರು. ನಡುಚಳಿಗಾಲದಲ್ಲಿ ಎರಡು ದಿನ ಬೆಚ್ಚಗಾಗಿ ಮಳೆ ಹನಿದು ಮತ್ತೆ ಹೆಪ್ಪುಗಟ್ಟಿತೆನ್ನಿ: ಕಲ್ಲುಹೂವು ಇದ್ದಲ್ಲೇ ಇರುತ್ತದೆ, ಗುವೊಹ್ತುನ್ ಹೋಗಿರುತ್ತದೆ. ಈ ಒಂದು ಪದ ಸ್ವೀಡನ್ನಿನ ವಿಶ್ವವಿದ್ಯಾಲಯಗಳ ಅರಣ್ಯಪಾಠ, ಯೋಜನಾಪಾಠಗಳೊಳಗೆ ಕಾಲಿಡಲು ಎಷ್ಟು ಸುತ್ತು ಬಳಸಬೇಕಾಯಿತು ಎಂಬುದೇ ಇಲ್ಲಿನ ಕಥೆ.

ಮೊದಲಿಗೆ ಪಾಠ ಹೋದದ್ದು ದಕ್ಷಿಣದಿಂದ ಉತ್ತರಕ್ಕೆ. 1632ರಲ್ಲಿ ಲಿಕ್ಸೆಲೆಯಲ್ಲಿ ಸಾಮಿ ಹುಡುಗರಿಗೆ ಶಾಲೆ ಆರಂಭವಾಯಿತು, ಕಲಿಸಬೇಕಾದದ್ದು ಕ್ರೈಸ್ತಧರ್ಮ. 1673ರಲ್ಲಿ ಉಪ್ಸಾಲಾದ ಪ್ರಾಧ್ಯಾಪಕ ಶೆಫೆರಸ್ ‘ಲಪ್ಪೋನಿಯಾ’ ಬರೆದ. 1732ರಲ್ಲಿ ಅದೇ ಉಪ್ಸಾಲಾದಿಂದ ಯುವಕ ಲಿನೇಯಸ್ ಉತ್ತರಕ್ಕೆ ಹೊರಟು ಗಿಡ, ಹಕ್ಕಿ, ಮನುಷ್ಯರನ್ನೆಲ್ಲ ಟಿಪ್ಪಣಿ ಮಾಡಿಕೊಂಡು ಬಂದ. ಸಾಮಿಗಳು ವಿದ್ವತ್ತಿಗೆ ವಸ್ತುವಾದರು, ವಿದ್ವಾಂಸರಾಗಲಿಲ್ಲ. ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಇದು ಇನ್ನೂ ಕೆಟ್ಟಿತು. 1913ರ ಅಲೆಮಾರಿ ಶಾಲೆಗಳ ಸುಧಾರಣೆಯ ಹಿಂದಿದ್ದ ಯೋಚನೆ ಇಷ್ಟು: ಬೆಟ್ಟದ ಸಾರಂಗಪಾಲಕರ ಮಕ್ಕಳು ಗುಡಾರದಂಥ ಗುಡಿಸಲಿನಲ್ಲೇ ಕಲಿಯಲಿ, ಹಳ್ಳಿಮನೆಯ ಸುಖದ ರುಚಿ ಹತ್ತಿದರೆ ಬೆಟ್ಟಕ್ಕೆ ಮರಳಲಾರರು. ಸಾಮಿ ಸಾಮಿಯಾಗಿಯೇ ಉಳಿಯಬೇಕು, ಆದರೆ ಹೇಗೆ ಉಳಿಯಬೇಕೆಂದು ಹೇಳುವುದು ಸರ್ಕಾರ. 1922ರಲ್ಲಿ ಉಪ್ಸಾಲಾದಲ್ಲಿ ಹರ್ಮನ್ ಲುಂಡ್‌ಬೋರ್ಗ್ ನೇತೃತ್ವದಲ್ಲಿ ಸರ್ಕಾರಿ ಜನಾಂಗ-ಜೀವಶಾಸ್ತ್ರ ಸಂಸ್ಥೆ ತೆರೆಯಿತು. ಸಾಮಿಗಳ ತಲೆ ಅಳೆಯುವುದು, ಫೋಟೋ ತೆಗೆಯುವುದು ಅಲ್ಲಿ ವಿಜ್ಞಾನವೆನಿಸಿತು. ಹಿಂದೆ ಗೋರಿಗಳಿಂದ ಅಗೆದು ಒಯ್ದಿದ್ದ 25 ತಲೆಬುರುಡೆಗಳನ್ನು ಲಿಕ್ಸೆಲೆಯಲ್ಲಿ ಮತ್ತೆ ಮಣ್ಣು ಮಾಡಿದ್ದು 2019ರ ಆಗಸ್ಟಿನಲ್ಲಿ. ಇಂದು ಉಮಿಯೊ ಅಥವಾ ಉಪ್ಸಾಲಾ ವಿಶ್ವವಿದ್ಯಾಲಯದ ಸಂಶೋಧಕನೊಬ್ಬ ಸಾಮಿ ಮನೆಯ ಬಾಗಿಲು ತಟ್ಟಿದರೆ ಒಳಗಿನವರು ಮೊದಲು ‘ಯಾತಕ್ಕೆ?’ ಎಂದು ಕೇಳುವುದರಲ್ಲಿ ಆಶ್ಚರ್ಯವೇನಿಲ್ಲ.

ಒಳಗಿನ ದನಿಗಳು ಇರಲಿಲ್ಲವೆಂದಲ್ಲ. ಎಲ್ಸಾ ಲೌಲಾ 1904ರಲ್ಲೇ ಸಾಮಿಗಳ ಭೂಮಿಯ ಪ್ರಶ್ನೆಯನ್ನು ಸಾವು-ಬದುಕಿನ ಪ್ರಶ್ನೆಯೆಂದು ಕರೆದು ಕಿರುಹೊತ್ತಗೆ ಅಚ್ಚು ಹಾಕಿಸಿದ್ದಳು. ಯೊಹಾನ್ ತುರಿ 1910ರಲ್ಲಿ ತನ್ನ ಜನರ ಬದುಕನ್ನು ತನ್ನ ಭಾಷೆಯಲ್ಲೇ ಬರೆದ. 1942ರಲ್ಲಿ ಸಾಮಿಗಳ ಜನತಾ ಪ್ರೌಢಶಾಲೆ ಶುರುವಾಗಿ ಯೊಕ್‌ಮೊಕ್ ಪಟ್ಟಣದಲ್ಲಿ ನೆಲೆಯೂರಿತು. ಸಾರಂಗ ಸಾಕಣೆ, ಕರಕುಶಲ, ಭಾಷೆಗಳನ್ನು ಕಲಿಸುವ ಇಂದಿನ ಸಾಮಿ ಶಿಕ್ಷಣ ಕೇಂದ್ರ ಅದರ ಮುಂದುವರಿಕೆ. ಸಾರಂಗಪಾಲಕರ ಮನೆಯಲ್ಲಿ ಹುಟ್ಟಿದ ಇಸ್ರಾಯೆಲ್ ರುವೊಂಗ್ ಉಪ್ಸಾಲಾದಲ್ಲಿ ಡಾಕ್ಟರೇಟ್ ಪಡೆದು, ಅದೇ ಅಲೆಮಾರಿ ಶಾಲೆಗಳ ಇನ್ಸ್‌ಪೆಕ್ಟರನಾಗಿ ಅವುಗಳನ್ನು ಒಳಗಿನಿಂದ ಬದಲಿಸಲು ಹೆಣಗಿದ. 1965ರಲ್ಲಿ ಉಮಿಯೊ ವಿಶ್ವವಿದ್ಯಾಲಯ ಆರಂಭವಾಗಿ, ಎಪ್ಪತ್ತರ ದಶಕದಲ್ಲಿ ಅಲ್ಲಿ ಸಾಮಿ ಭಾಷೆಯ ಪಾಠ ಬಂತು. ಭಾಷೆಗೆ ಜಾಗ ಸಿಕ್ಕಿತು, ಭೂಮಿಗೆ ಸಿಗಲಿಲ್ಲ.

ಭೂಮಿಯ ಪಾಠ ಕ್ಲಾಸಿಗೆ ಬಂದದ್ದು ನ್ಯಾಯಾಲಯದ ದಾರಿಯಿಂದ. ‘ತೆರಿಗೆ ಬೆಟ್ಟಗಳ’ ಮೊಕದ್ದಮೆಯಲ್ಲಿ ಯೆಮ್ಟ್‌ಲಾಂಡಿನ ಸಾಮಿಗಳು ಬೆಟ್ಟಗಳ ಒಡೆತನ ಕೇಳಿ 1981ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಆದರೆ ಬಹುಕಾಲದ ಬಳಕೆಯಿಂದಲೇ ಹಕ್ಕು ಹುಟ್ಟಬಲ್ಲದು, ಉತ್ತರದ ಬೇರೆ ಪ್ರದೇಶಗಳಲ್ಲಿ ಚಿತ್ರ ಬೇರೆ ಇರಬಹುದು ಎಂಬ ಸುಳಿವು ಆ ತೀರ್ಪಿನಲ್ಲೇ ಇತ್ತು. ಸೋತ ಮೊಕದ್ದಮೆ ಇತಿಹಾಸಕಾರರಿಗೆ ದಶಕಗಟ್ಟಲೆ ಕೆಲಸ ಕೊಟ್ಟಿತು. ಹಳೆಯ ತೆರಿಗೆ ದಾಖಲೆಗಳಲ್ಲಿ, ಜಿಲ್ಲಾ ಕೋರ್ಟಿನ ಪುಸ್ತಕಗಳಲ್ಲಿ ಯಾವ ಕುಟುಂಬ ಯಾವ ಬೆಟ್ಟಕ್ಕೆ ತೆರಿಗೆ ಕಟ್ಟಿತ್ತು, ಯಾವ ಕೆರೆಯಲ್ಲಿ ಮೀನು ಹಿಡಿಯುತ್ತಿತ್ತು ಎಂದು ಹುಡುಕುವ ಅಭ್ಯಾಸ ಅಲ್ಲಿಂದ ಬಲವಾಯಿತು. ಇದರ ಫಲ ಕಂಡದ್ದು ಗಿರ್ಯಾಸ್ ಪ್ರಕರಣದಲ್ಲಿ. ಗಿರ್ಯಾಸ್ ಒಂದು ‘ಸಾಮೆಬ್ಯು’. ಪದದಲ್ಲಿ ಊರು ಎಂದಿದೆ, ಆದರೆ ಊರಲ್ಲ. ಒಂದು ಮೇವಿನ ಪ್ರದೇಶ, ಅಲ್ಲಿ ಸಾರಂಗ ಮೇಯಿಸುವವರ ಸಂಘ. ಇಂಥವು ದೇಶದಲ್ಲಿ 51 ಇವೆ. ತನ್ನ ಬೆಟ್ಟದಲ್ಲಿ ಸಣ್ಣ ಬೇಟೆ ಮತ್ತು ಮೀನುಗಾರಿಕೆಯ ಪರವಾನಗಿಯನ್ನು ಸರ್ಕಾರ ಮಾರಬಾರದು, ತಾನೇ ಕೊಡಬೇಕು ಎಂದು ಅದು 2009ರಲ್ಲಿ ದಾವೆ ಹೂಡಿತು. 2020ರ ಜನವರಿ 23ರಂದು ಸುಪ್ರೀಂ ಕೋರ್ಟು ಅನಾದಿ ಕಾಲದ ಅನುಭೋಗದ ಆಧಾರದಲ್ಲಿ ಅದರ ಪರ ತೀರ್ಪಿತ್ತಿತು. ಪ್ರಾಧ್ಯಾಪಕರ ದೂಳು ಹಿಡಿದ ಕಡತಗಳು ಪರವಾನಗಿ ಪುಸ್ತಕವಾಗಿ ಬದಲಾದವು.

ಇನ್ನೊಂದು ದಾರಿ ಕಾಡಿನದು, ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದೂ ಅದೇ. ಚಳಿಗಾಲದಲ್ಲಿ ಸಾರಂಗಗಳು ಬೆಟ್ಟ ಇಳಿದು ಮೇಯುವ ಪೈನ್ ಕಾಡುಗಳಲ್ಲಿ ದೊಡ್ಡ ಪಾಲು ಕಂಪನಿಗಳ, ಖಾಸಗಿಯವರ ಕೈಯಲ್ಲಿದೆ. ಐವತ್ತರ ದಶಕದಿಂದ ಅಲ್ಲಿ ಇಡೀ ಕಾಡನ್ನೇ ನೆಲಸಮ ಕಡಿದು, ನೆಲ ಕೆದಕಿ, ಒತ್ತೊತ್ತಾಗಿ ಹೊಸ ಗಿಡ ನೆಡುವ ಪದ್ಧತಿ ಹರಡಿತು. ಒತ್ತಾದ ನೆರಳಿನಲ್ಲಿ ಕಲ್ಲುಹೂವು ಬದುಕುವುದಿಲ್ಲ. ರಾಷ್ಟ್ರೀಯ ಅರಣ್ಯ ಗಣತಿಯ ಅಂಕಿಗಳನ್ನೇ ಹಿಡಿದು ಸ್ವೀಡಿಷ್ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಲ್ಲುಹೂವು ಸಮೃದ್ಧವಾಗಿದ್ದ ಕಾಡು 60 ವರ್ಷಗಳಲ್ಲಿ ಶೇ. 71ರಷ್ಟು ಕಡಿಮೆಯಾಗಿದೆ. ಸಾರಂಗಪಾಲಕರು ಇದನ್ನು ಮೊದಲಿನಿಂದ ಹೇಳುತ್ತಲೇ ಇದ್ದರು. ಆದರೆ ಅರಣ್ಯ ಕಂಪನಿಯ ಮೇಜಿಗೆ ಅವರು ಬರುವಾಗ ಕೈಯಲ್ಲಿ ನಕ್ಷೆ ಇರುತ್ತಿರಲಿಲ್ಲ. ಎದುರಿನವನ ಮುಂದೆ ಬಣ್ಣಬಣ್ಣದ ನಕ್ಷೆ ಇರುತ್ತಿತ್ತು.

2000ರಲ್ಲಿ ಅರಣ್ಯ ಇಲಾಖೆ, ವಿಶ್ವವಿದ್ಯಾಲಯದವರು ಮತ್ತು ವಿಲ್ಹೆಲ್ಮಿನಾ ಉತ್ತರ, ಮಾಲೊ ಎಂಬ ಎರಡು ಸಾಮೆಬ್ಯುಗಳು ಸೇರಿ ‘ಸಾರಂಗ ಸಾಕಣೆ ಯೋಜನೆ’ ಎಂಬುದನ್ನು ಆರಂಭಿಸಿದರು. ಪಾಲಕರೇ ಉಪಗ್ರಹ ಚಿತ್ರದ ಮೇಲೆ ತಮ್ಮ ಮುಖ್ಯ ಮೇವಿನ ಜಾಗ, ಸಾಗುವ ದಾರಿ, ದಣಿವಾರಿಸುವ ತಾಣ, ಕರು ಹಾಕುವ ಇಳಿಜಾರು ಗುರುತಿಸುತ್ತಾರೆ. ಸಾರಂಗದ ಕೊರಳಿನ ಜಿಪಿಎಸ್ ಪಟ್ಟಿಯ ದಾಖಲೆ ಅದಕ್ಕೆ ಕೂಡುತ್ತದೆ. ಸಾಫ್ಟ್‌ವೇರ್ ಕಲಿಯಬೇಕಾದವರು ಪಾಲಕರು, ಗುವೊಹ್ತುನ್ ಕಲಿಯಬೇಕಾದವರು ಅರಣ್ಯಶಾಸ್ತ್ರದವರು. ಪಾಠ ಎರಡೂ ಕಡೆಗೆ ಹರಿದದ್ದು ಬಹುಶಃ ಇಲ್ಲಿಯೇ ಮೊದಲು, ಅದೂ ಯಾವುದೋ ಪದವಿ ತರಗತಿಯಲ್ಲಲ್ಲ. ಆದರೆ ನಕ್ಷೆಗೂ ಮಿತಿಯಿದೆ. ಮೇವಿನ ಜಾಗಕ್ಕೆ ಗೆರೆ ಹಾಕಿದೊಡನೆ ಗೆರೆಯ ಹೊರಗಿನದು ಮುಖ್ಯವಲ್ಲ ಎಂದು ಓದಿಕೊಳ್ಳುವವರು ಇದ್ದೇ ಇರುತ್ತಾರೆ. ಹಿಮವಾದರೋ ಗೆರೆ ನೋಡಿ ಬೀಳುವುದಿಲ್ಲ. ಯೊಕ್‌ಮೊಕ್ ಕಡೆಯ ಪಾಲಕ ಯೊಹಾನ್ ರಾಸ್ಸಾ ಹೇಳಿದ್ದನ್ನು ಇಂಗ್ವೆ ರೀಡ್ 2001ರಲ್ಲಿ ಇಡೀ ಪುಸ್ತಕವಾಗಿ ಬರೆದಿಟ್ಟ. ಅದರ ವಿಷಯ ಬರೀ ಹಿಮ. ನಕ್ಷೆಗೆ ಹಿಡಿಯದೆ ಉಳಿದದ್ದೆಲ್ಲ ಅಂಥ ಪುಸ್ತಕದಲ್ಲಿದೆ.

ನಮ್ಮಲ್ಲೂ ಇದರ ಜೋಡಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗಿಗೆ ಹೊತ್ತಿಗೆ ಸರಿಯಾಗಿ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಅಪರಾಧವಾದ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಗಳಿಗೆ ಉಪ್ಪಿಲು ಎಂಬ ಬಂದಳಿಕೆ ಹತ್ತಿತು ಎಂದು ಅವರು ಹೇಳುತ್ತ ಬಂದರು. ಅವರ ಮಾತಿಗೆ ಸಂಶೋಧಕರು ಕಿವಿಗೊಟ್ಟದ್ದು ತಡವಾಗಿ. ಅವರ ಪವಿತ್ರ ತಾಣಗಳ ನಕ್ಷೆಯೂ ಹೀಗೆಯೇ ಜೊತೆಗೂಡಿ ತಯಾರಾಯಿತು; 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅವರಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು.

ಸ್ವೀಡನ್ನಿಗೆ ಮರಳೋಣ. ಉಮಿಯೊದಲ್ಲಿ 2000ರಲ್ಲಿ ಸಾಮಿ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಈಗ ಅದರ ಹೆಸರು ವಾರ್ದುವೊ. ಗಣಿ, ಗಾಳಿಯಂತ್ರ, ರೈಲುದಾರಿಗಳ ಒಟ್ಟು ಪರಿಣಾಮವನ್ನು ಸಾಮೆಬ್ಯುಗಳೇ ಅಳೆಯುವ ವಿಧಾನಗಳೂ ಸಂಶೋಧಕರ ಜೊತೆಗೂಡಿ ರೂಪುಗೊಂಡಿವೆ. ಆಡಳಿತದಲ್ಲಿ ಒಂದು ಹೆಜ್ಜೆ ಮುಂದೆ ಹೋದದ್ದು ಲಪೋನಿಯಾ. 1996ರಲ್ಲಿ ವಿಶ್ವ ಪರಂಪರೆಯ ತಾಣವಾದ ಸುಮಾರು 9,400 ಚದರ ಕಿಲೋಮೀಟರಿನ ಈ ಪ್ರದೇಶವನ್ನು ನೋಡಿಕೊಳ್ಳುವ ಮಂಡಳಿಯಲ್ಲಿ ಸಾಮಿಗಳೇ ಬಹುಮತದಲ್ಲಿದ್ದಾರೆ. ಅದಕ್ಕಾಗಿ ಅವರು ವರ್ಷಗಟ್ಟಲೆ ಪಟ್ಟು ಹಿಡಿದಿದ್ದರು. ಆದರೂ ಭೂಬಳಕೆಯ ಯೋಜನೆ ಪುರಸಭೆಗಳ ಏಕಸ್ವಾಮ್ಯ. ಸಾರಂಗ ಸಾಕಣೆ ಪರಿಸರ ಸಂಹಿತೆಯ ಪ್ರಕಾರ ‘ರಾಷ್ಟ್ರೀಯ ಹಿತಾಸಕ್ತಿ’, ಖನಿಜವೂ ‘ರಾಷ್ಟ್ರೀಯ ಹಿತಾಸಕ್ತಿ’. ಎರಡು ಡಿಕ್ಕಿ ಹೊಡೆದಾಗ ಏನಾಗುತ್ತದೆಂದು ನೋಡಲು 2022ರ ಮಾರ್ಚಿನಲ್ಲಿ ಯೊಕ್‌ಮೊಕ್ ಬಳಿಯ ಕಾಲ್ಲಾಕ್ ಕಬ್ಬಿಣದ ಗಣಿಗೆ ಸರ್ಕಾರ ಕೊಟ್ಟ ಅನುಮತಿಯನ್ನು ನೋಡಿದರೆ ಸಾಕು. 1993ರಲ್ಲಿ ಆರಂಭವಾದ ಸಾಮಿ ಪಾರ್ಲಿಮೆಂಟು ಸಾಮಿಗಳು ಚುನಾಯಿಸಿದ ಸಭೆ, ಜೊತೆಗೆ ಸರ್ಕಾರದ ಇಲಾಖೆಯೂ ಹೌದು. ಮೂಲನಿವಾಸಿಗಳ ಹಕ್ಕಿನ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 169ನೆಯ ಒಪ್ಪಂದಕ್ಕೆ ನಾರ್ವೆ 1990ರಲ್ಲೇ ಸಹಿ ಮುದ್ರೆ ಒತ್ತಿತು, ಸ್ವೀಡನ್ ಇನ್ನೂ ಒತ್ತಿಲ್ಲ.

ಹಾಗಿದ್ದೂ 2022ರ ಮಾರ್ಚಿನಿಂದ ಸಾಮಿಗಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಸರ್ಕಾರ ಅವರೊಡನೆ ಸಮಾಲೋಚಿಸಲೇಬೇಕು ಎಂಬ ಕಾನೂನು ಬಂದಿದೆ. 2024ರ ಮಾರ್ಚಿನಿಂದ ಅದು ಪುರಸಭೆಗಳಿಗೂ ಅನ್ವಯ. ಸಾರಂಗದ ಹೆಜ್ಜೆಯನ್ನೇ ಕಾಣದ ನಗರ ಯೋಜಕನಿಗೂ ಈಗ ಸಾಮೆಬ್ಯು ಎಂದರೇನು ಎಂದು ತಿಳಿದಿರಬೇಕು. ಯೋಜನಾಶಾಸ್ತ್ರದ ತರಗತಿಗಳಿಗೆ ಇದು ಹೊಸ ಬೇಡಿಕೆ. ಇನ್ನೊಂದು ತುದಿಯಲ್ಲಿರುವವರು ಸಾಮೆಬ್ಯುವಿನ ಬೆರಳೆಣಿಕೆಯ ಜನ. ಹೊಸ ರಸ್ತೆ, ಗಾಳಿಯಂತ್ರ, ಬೇಸಿಗೆಮನೆಗಳ ಬಡಾವಣೆ, ಮರ ಕಡಿತ ಎಂದು ಒಂದರ ಮೇಲೊಂದು ಕಾಗದ ಬರುತ್ತದೆ, ಪ್ರತಿಯೊಂದಕ್ಕೂ ಉತ್ತರ ಕೊಡಲು ಕೊನೆಯ ದಿನಾಂಕ. ಮೇ ತಿಂಗಳಲ್ಲಿ ಸಾರಂಗ ಕರು ಹಾಕುತ್ತದೆ. ಆಮೇಲೆ ಸೂರ್ಯ ಮುಳುಗದ ಬೇಸಿಗೆಯ ರಾತ್ರಿಗಳಲ್ಲಿ ಕರುಗಳ ಕಿವಿಗೆ ಮನೆತನದ ಗುರುತು ಕತ್ತರಿಸಬೇಕು. ಆ ವಾರಗಳಲ್ಲಿ ಬಂದ ಕಾಗದಗಳು ಮೇಜಿನ ಮೇಲೆ ಒಡೆಯದೆ ಬಿದ್ದಿರುತ್ತವೆ.