ಚೆಂಡಿಯಾದ ರಾಮ ರಾಘೋಬಾ ರಾಣೆ

ಠಾಣೆಯಲ್ಲೋ ಪನವೇಲದಲ್ಲೋ ಮತ್ಸ್ಯಗಂಧಾ ಗಾಡಿ ಹಿಡಿದು ಊರಿಗೆ ಹೋಗುವ ನಮಗೆ ಕಾರವಾರ ಹೊಸದೇನಲ್ಲ. ಅದರ ಪಕ್ಕದ ಚೆಂಡಿಯಾ ಗ್ರಾಮ ಪರಮವೀರ ಚಕ್ರ ಪಡೆದ ಯೋಧನೊಬ್ಬನ ಹುಟ್ಟೂರೆಂಬುದು ಡೊಂಬಿವಲಿ, ಕಲ್ಯಾಣಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಗೊತ್ತು?

ರಾಮ ರಾಘೋಬಾ ರಾಣೆಯವರು ಹುಟ್ಟಿದ್ದು 1918ರ ಜೂನ್ 26ರಂದು. ತಂದೆ ಪೊಲೀಸ್ ಪೇದೆ. ವರ್ಗಾವಣೆಯ ನೌಕರಿಯಾದ್ದರಿಂದ ಹುಡುಗನ ಓದು ಒಂದು ಕಡೆ ನೆಲೆ ನಿಲ್ಲಲಿಲ್ಲ. ಸರಕಾರಿ ಕ್ವಾರ್ಟರ್ಸುಗಳಲ್ಲಿ ಸಂಸಾರ ಹೂಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1940ರ ಜುಲೈನಲ್ಲಿ ಅವರು ಬಾಂಬೆ ಇಂಜಿನಿಯರ್ಸ್ ದಳಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ತರಬೇತಿಯಲ್ಲಿ ಮೊದಲಿಗರಾಗಿ ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು. ಬರ್ಮಾದ ರಣರಂಗದಲ್ಲಿ, ಸೈನ್ಯ ಹಿಂದೆ ಸರಿದಾಗ, ಬುಥಿಡಾಂಗಿನಲ್ಲಿ ಉಳಿದ ಸಾಮಗ್ರಿಯನ್ನು ನಾಶಮಾಡುವ ಹೊಣೆ ಇವರ ತುಕಡಿಯದಾಯಿತು. ಕರೆದೊಯ್ಯಬೇಕಾಗಿದ್ದ ನೌಕಾದಳ ಬರಲಿಲ್ಲ. ಜಪಾನೀಯರ ಕಣ್ಣು ತಪ್ಪಿಸಿ ತಾವೇ ಹೊಳೆ ದಾಟಿ ಬಂದರು. ಅಧಿಕಾರಿಯ ಪದವಿ ದೊರೆತದ್ದು 1947ರ ಡಿಸೆಂಬರಿನಲ್ಲಿ.

ಸ್ಯಾಪರನ ಮುಖ್ಯ ಕೆಲಸ ದಾರಿ ಮಾಡುವುದು. ಕಾಶ್ಮೀರ ಯುದ್ಧದಲ್ಲಿ 1948ರ ಏಪ್ರಿಲ್ 8ರಂದು ನೌಶೇರಾದಿಂದ ರಾಜೌರಿಯತ್ತ ಹೊರಟ ಟ್ಯಾಂಕುಗಳ ಮುಂದೆ ಹೆಜ್ಜೆಹೆಜ್ಜೆಗೂ ನೆಲಬಾಂಬು, ಉರುಳಿಸಿದ ಪೈನ್ ಮರ, ಒಡೆದ ಮೋರಿ. ಹೂತಿಟ್ಟ ಬಾಂಬಿನ ಮೇಲೆ ಭಾರ ಬಿದ್ದರೆ ಟ್ಯಾಂಕಿಗೂ ಉಳಿಗಾಲವಿಲ್ಲ. ಕೆಲಸ ಶುರುವಾಗುವ ಮೊದಲೇ ಶತ್ರುಗಳ ಮಾರ್ಟರ್ ದಾಳಿಗೆ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ಗಾಯಗೊಂಡ ರಾಣೆ ಉಳಿದವರನ್ನು ಕಟ್ಟಿಕೊಂಡು ಕೆಲಸಕ್ಕಿಳಿದರು. ಟ್ಯಾಂಕಿನಡಿಯಲ್ಲೇ ತೆವಳುತ್ತ, ಚಾಲಕನಿಗೆ ಹಗ್ಗ ಎಳೆದು ಸನ್ನೆ ಕೊಡುತ್ತ ದಾರಿ ತೋರಿದರಂತೆ.

ಅವರ ಪ್ರಶಸ್ತಿಪತ್ರವನ್ನು ಓದಿದರೆ ಗುಮಾಸ್ತರಾದ ನಮಗೆ ಹಾಜರಿ ಪುಸ್ತಕದ ನೆನಪಾಗುತ್ತದೆ. 8ರಂದು ರಾತ್ರಿ 10ರ ವರೆಗೆ ಕೆಲಸ. 9ರಂದು ಬೆಳಿಗ್ಗೆ 6ಕ್ಕೆ ಮತ್ತೆ ಹಾಜರು. 10ರಂದು 4-45ಕ್ಕೇ ಆರಂಭಿಸಿ, ಅನ್ನ ವಿಶ್ರಾಂತಿಗಳಿಲ್ಲದೆ ರಾತ್ರಿ 9ರ ವರೆಗೆ. 11ರಂದು ಪುನಃ 6ಕ್ಕೆ. 11 ಗಂಟೆಗೆ ಚಿಂಗಸ್ ವರೆಗಿನ ರಸ್ತೆ ತೆರೆದಿತ್ತು. ಅಂದೂ ರಾತ್ರಿ 10ರ ವರೆಗೆ ದುಡಿದರು. ಇಷ್ಟೂ ಹೊತ್ತು ಬಹುಪಾಲು ಮೆಷಿನ್‌ಗನ್ನಿನ ಎದುರಿನಲ್ಲೇ! 12ರಂದು ಸೇನೆ ರಾಜೌರಿಯನ್ನು ಮುಟ್ಟಿತು.

ಆ ಯುದ್ಧದಲ್ಲಿ ಪರಮವೀರ ಚಕ್ರ ಪಡೆದವರು ಐವರು. ಮೂವರಿಗೆ ಅದು ಮರಣೋತ್ತರ. ಬದುಕಿದ್ದು ಪಡೆದವರು ರಾಣೆ ಮತ್ತು ಕರಮ್ ಸಿಂಗ್ ಇಬ್ಬರೇ. ರಾಣೆಯವರ ಹೆಸರು ಗೆಜೆಟ್ಟಿನಲ್ಲಿ ಬಂದದ್ದು 1950ರ ಜೂನ್ 21ರಂದು.

ಮರಾಠಿ ಗೆಳೆಯರು ಒಮ್ಮೊಮ್ಮೆ "ರಾಣೆ ಆಮಚೇ" ಎನ್ನುತ್ತಾರೆ. ಎನ್ನಲಿ ಬಿಡಿ. ಕಾರವಾರ 1956ರ ವರೆಗೆ ಮುಂಬಯಿ ರಾಜ್ಯದಲ್ಲೇ ಇತ್ತು; ಅಲ್ಲಿ ಕೊಂಕಣಿ, ಕನ್ನಡ, ಮರಾಠಿಗಳು ಒಂದೇ ಅಂಗಳದಲ್ಲಿ ಆಡಿ ಬೆಳೆದವು. ಅವರವರೆಂದ ಮಾತ್ರಕ್ಕೆ ನಮ್ಮವರಲ್ಲವೆಂದಾಯಿತೇ?

ಪದಕ ಬಂದ ಬಳಿಕವೇ ಮದುವೆ. ಮಡದಿಯ ಹೆಸರು ರಾಜೇಶ್ವರಿ. 1968ರಲ್ಲಿ ಮೇಜರಾಗಿ ನಿವೃತ್ತಿ ಹೊಂದಿದರು. ಶಿಪ್ಪಿಂಗ್ ಕಾರ್ಪೊರೇಶನ್ 1984ರಲ್ಲಿ ಒಂದು ತೈಲ ಹಡಗಿಗೆ ಅವರ ಹೆಸರಿಟ್ಟಾಗ ಅವರಿನ್ನೂ ಇದ್ದರು. ತಮ್ಮ ಹೆಸರಿನ ಹಡಗು ತೇಲುವ ಕಾಲಕ್ಕೆ ತಾವೂ ಬದುಕಿರುವ ಯೋಗ ಎಷ್ಟು ಜನ ಯೋಧರಿಗೆ ಒದಗೀತು? 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. 2023ರಲ್ಲಿ ಅಂಡಮಾನಿನ ದ್ವೀಪವೊಂದಕ್ಕೂ ಅವರ ಹೆಸರು ಬಂತು. ಕಾರವಾರದ ಕಡಲತೀರದಲ್ಲಿ, ಚಪಲ್ ಯುದ್ಧನೌಕೆಯ ಬಳಿ, 2006ರಿಂದ ಅವರ ಪ್ರತಿಮೆ ನಿಂತಿದೆ.