ಊರ ಹೆಸರು, ಡೊಮೈನ್ ಹೆಸರು: ಒಡೆತನದ ಪ್ರಶ್ನೆ

ಜನಪದ ಬದುಕಿನಲ್ಲಿ ಪದಾರ್ಥವೊಂದು ತನ್ನ ಊರಿನ ಹೆಸರನ್ನು ಹೊತ್ತು ನಡೆಯುವುದು ಸಾಮಾನ್ಯ. ಮದ್ದೂರು ವಡೆ, ಮಂಡ್ಯದ ಬೆಲ್ಲ, ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಇದಕ್ಕೆ ನಿದರ್ಶನಗಳು. ಮದ್ದೂರು ರೈಲು ನಿಲ್ದಾಣದಲ್ಲಿ 1917ರಲ್ಲಿ ರಾಮಚಂದ್ರ ಬುಧ್ಯರು ಈ ವಡೆಯನ್ನು ಮೊದಲು ಮಾಡಿದರೆಂಬ ಕಥನ ಪ್ರಚಲಿತವಾಗಿದೆ. ಮಾಡಿದವರು ಒಬ್ಬರಾದರೂ ಹೆಸರು ಊರಿನದಾಗಿಯೇ ಉಳಿಯಿತು.

ಅಂತರಜಾಲದ ರೀತಿ ಬೇರೆ. ಅಲ್ಲಿ ಡೊಮೈನ್ ಹೆಸರು ಮೊದಲು ನೋಂದಾಯಿಸಿದವರಿಗೆ ಸಲ್ಲುತ್ತದೆ. ಪರರ ಹೆಸರನ್ನು ಲಾಭಕ್ಕಾಗಿ ಮೊದಲೇ ಹಿಡಿದಿಡುವುದು ‘ಸೈಬರ್ ಸ್ಕ್ವಾಟಿಂಗ್’ ಎನಿಸಿಕೊಂಡಿದೆ. ಡೊಮೈನ್ ಹೆಸರಿನ ಹಕ್ಕನ್ನು ಕುರಿತ ಮಹತ್ವದ ವ್ಯಾಜ್ಯವೊಂದು ಬೆಂಗಳೂರಿನಲ್ಲಿಯೇ ಆರಂಭವಾಯಿತು. ಸತ್ಯಂ ಇನ್ಫೋವೇ ಸಂಸ್ಥೆಯು 1999ರಲ್ಲಿ ‘ಸಿಫಿ’ ಪದವುಳ್ಳ ಹೆಸರುಗಳನ್ನು ನೋಂದಾಯಿಸಿತ್ತು. ಸಿಫಿನೆಟ್ ಸೊಲ್ಯೂಷನ್ಸ್ 2001ರಿಂದ ‘ಸಿಫ್ಫಿನೆಟ್’ ಎಂಬ ಹೆಸರನ್ನು ಬಳಸತೊಡಗಿತು. ನಗರ ಸಿವಿಲ್ ನ್ಯಾಯಾಲಯ ನೀಡಿದ ತಡೆಯಾಜ್ಞೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ ತೆರವುಗೊಳಿಸಿತು. 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಡೊಮೈನ್ ಹೆಸರಿಗೂ ವ್ಯಾಪಾರಮುದ್ರೆಯ ಲಕ್ಷಣಗಳಿವೆಯೆಂದು ಹೇಳಿ, ತಡೆಯಾಜ್ಞೆಯನ್ನು ಎತ್ತಿಹಿಡಿಯಿತು.

ಈ ರಕ್ಷಣೆ ದೊರೆತದ್ದು ತನ್ನ ಖ್ಯಾತಿಯನ್ನು ರುಜುವಾತುಪಡಿಸಬಲ್ಲ ಸಂಸ್ಥೆಗೆ. 1999ರ ಅಂತರರಾಷ್ಟ್ರೀಯ ಡೊಮೈನ್ ವಿವಾದ ನೀತಿಯೂ ದೂರುದಾರರಿಂದ ವ್ಯಾಪಾರಮುದ್ರೆಯ ಹಕ್ಕನ್ನೇ ಅಪೇಕ್ಷಿಸುತ್ತದೆ. ಹಾಗಾದರೆ ಇಡೀ ಊರಿಗೆ ಸೇರಿದ ಹೆಸರಿನ ಪರವಾಗಿ ದೂರು ಕೊಡುವವರು ಯಾರು? 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆಯು ಉತ್ಪಾದಕರ ಸಂಘಗಳಿಗೆ ನೋಂದಣಿಯ ಹಾದಿಯನ್ನು ತೆರೆದಿದೆ. ಆದರೆ ನೋಂದಣಿಗೆ ಮೂಲದ ಪುರಾವೆ ಬೇಕು. ಅದು ಬಹುಮಟ್ಟಿಗೆ ವಡೆ ಮಾರುವವರ, ಆಲೆಮನೆಯವರ ನೆನಪಿನಲ್ಲಿದೆ. ಆ ನೆನಪು ಅಳಿಯುವ ಮುನ್ನ ದಾಖಲಿಸುವುದು ಜಾನಪದ ಸಂಶೋಧಕರ ಹೊಣೆಯಾಗಿದೆ.