ಮೈಸೂರು ವಿಶ್ವವಿದ್ಯಾನಿಲಯ: ಯಾರ ಮಕ್ಕಳು ಓದಿದರು?

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ದೇಶೀ ಸಂಸ್ಥಾನಗಳಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವಿದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಬೆನ್ನಿಗೆ ನಿಂತವರು ದಿವಾನ್ ವಿಶ್ವೇಶ್ವರಯ್ಯನವರು. ಅಲ್ಲಿಯವರೆಗೆ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಮಹಾರಾಜ ಕಾಲೇಜು, ಸೆಂಟ್ರಲ್ ಕಾಲೇಜುಗಳು ಇದರ ಮಡಿಲಿಗೆ ಬಂದವು. ಈ ಸಂಸ್ಥೆಯ ಕಟ್ಟಡಗಳ, ಕುಲಪತಿಗಳ ಚರಿತ್ರೆಯನ್ನು ಬಹಳ ಮಂದಿ ಬರೆದಿದ್ದಾರೆ. ಇಲ್ಲಿ ಓದಲು ಬಂದವರ ಚರಿತ್ರೆಯೂ ಅಷ್ಟೇ ದೊಡ್ಡದು.

ಮೊದಲ ವರ್ಷಗಳ ತರಗತಿಗಳಲ್ಲಿ ಬ್ರಾಹ್ಮಣ ಮನೆತನಗಳ, ಪೇಟೆ ಪಟ್ಟಣಗಳ ಹುಡುಗರೇ ಹೆಚ್ಚು. ಅವರಲ್ಲಿಯೂ ಬಡವರಿದ್ದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ವಾರಾನ್ನ ಉಂಡು ಓದಿದವರು ಎಷ್ಟೋ ಜನ. ಒಂದು ಮನೆಯಲ್ಲಿ ಸೂತಕ ಬಂದರೆ ಆ ದಿನ ಹುಡುಗನಿಗೆ ಉಪವಾಸ. ಆದರೆ ವಾರಾನ್ನದ ಪಂಕ್ತಿಗೂ ಜಾತಿಯ ಎಲ್ಲೆಯಿತ್ತು. ಆ ಎಲ್ಲೆಯ ಹೊರಗಿದ್ದವರಿಗೆ ಕಾಲೇಜಿನ ಬಾಗಿಲು ತೆರೆದಿದ್ದರೂ ಊರಿನಲ್ಲಿ ಉಣ್ಣಲು, ಮಲಗಲು ಜಾಗವಿರಲಿಲ್ಲ.

1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನಾಲ್ವಡಿಯವರು ಸಮಿತಿ ನೇಮಿಸಿದರು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಜೊತೆಗೆ, ಅವರ ಉನ್ನತ ಶಿಕ್ಷಣಕ್ಕೆ ಏನು ಅನುಕೂಲ ಮಾಡಬೇಕೆಂಬುದನ್ನೂ ಆ ಸಮಿತಿ ಪರಿಶೀಲಿಸಿತು. ಇನ್ನೊಂದು ಕಡೆ ಸಮಾಜವೂ ಕೈಜೋಡಿಸಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ನಡೆಸಿದರು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಮಲೆನಾಡಿನ ಕುಪ್ಪಳಿಯಿಂದ ಬಂದ ಕುವೆಂಪು ಓದು ಮುಗಿಸಿದ್ದು ಶ್ರೀರಾಮಕೃಷ್ಣಾಶ್ರಮದ ಆಸರೆಯಲ್ಲಿ. ಅದೇ ವಿದ್ಯಾರ್ಥಿ 1956ರಲ್ಲಿ ಇದೇ ವಿಶ್ವವಿದ್ಯಾನಿಲಯದ ಕುಲಪತಿಯಾದರು. ಇಂಗ್ಲಿಷ್ ಬಾರದ ಕಾರಣಕ್ಕೆ ಹಳ್ಳಿಯ ಮಕ್ಕಳು ಹಿಂದೆ ಬೀಳಬಾರದೆಂದು ಕನ್ನಡ ಮಾಧ್ಯಮಕ್ಕೆ ದಾರಿ ಮಾಡಿದರು, ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯನ್ನು ಕಟ್ಟಿದರು.

1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಸಂಸ್ಥೆ ಆರಂಭವಾದ ಮೇಲೆ ಗುಮಾಸ್ತರು, ಶಾಲಾ ಮೇಷ್ಟ್ರುಗಳು, ಓದು ಅರ್ಧಕ್ಕೆ ಬಿಟ್ಟಿದ್ದ ಗೃಹಿಣಿಯರು ಮನೆಯಲ್ಲಿದ್ದುಕೊಂಡೇ ಪದವಿ ಪಡೆದರು. ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಎಪ್ಪತ್ತರ ದಶಕದಲ್ಲಿ ಮುಖ್ಯಮಂತ್ರಿ ದೇವರಾಜ ಅರಸರ ಕಾಲದ ಮೀಸಲಾತಿ, ಹಾಸ್ಟೆಲುಗಳಿಂದಾಗಿ ದಲಿತ, ಹಿಂದುಳಿದ ವರ್ಗಗಳ ಮೊದಲ ತಲೆಮಾರಿನ ವಿದ್ಯಾರ್ಥಿಗಳು ಗಂಗೋತ್ರಿಗೆ ಬಂದರು. ಅವರು ಬರೇ ಪದವಿ ಪಡೆದು ಹೋಗಲಿಲ್ಲ. ಇಲ್ಲಿಯ ಚರ್ಚೆಯನ್ನೂ ಕನ್ನಡ ಸಾಹಿತ್ಯವನ್ನೂ ಬದಲಿಸಿದರು.

ವಿಶ್ವವಿದ್ಯಾನಿಲಯದ ವ್ಯಾಪ್ತಿ ಮಾತ್ರ ಕಿರಿದಾಗುತ್ತ ಬಂತು. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಗಳು ಬೇರೆಯಾದವು. ಈಚೆಗೆ ಮಂಡ್ಯ, ಹಾಸನ, ಚಾಮರಾಜನಗರಗಳಿಗೂ ತಮ್ಮದೇ ವಿಶ್ವವಿದ್ಯಾನಿಲಯಗಳಾದವು. ಸಹಜವಾಗಿಯೇ ದಾಖಲಾತಿ ಹಂಚಿಹೋಯಿತು. ಇದನ್ನು ಇಳಿಕೆಯೆಂದು ಕೊರಗಬೇಕಿಲ್ಲ. ತಾಯಿಬೇರಿನಿಂದ ಒಡೆದ ಕವಲುಗಳಿವು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಹೆಣ್ಣುಮಕ್ಕಳದು. ಒಂದು ಕಾಲಕ್ಕೆ ಮಹಾರಾಣಿ ಕಾಲೇಜಿನ ಕೆಲವೇ ವಿದ್ಯಾರ್ಥಿನಿಯರಿಗೆ ದಕ್ಕಿದ್ದ ಪದವಿ ಇಂದು ಎಲ್ಲ ಹೆಣ್ಣುಮಕ್ಕಳ ಪಾಲಿನ ಸಹಜ ಹಕ್ಕು. ಈಚಿನ ಘಟಿಕೋತ್ಸವಗಳಲ್ಲಿ ಪದವಿ ಪಡೆದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು, ಚಿನ್ನದ ಪದಕಗಳಲ್ಲೂ ಅವರದೇ ಮೇಲುಗೈ. ವಿದ್ಯಾರ್ಥಿಗಳ ಹರವು ದೇಶದಾಚೆಗೂ ಬೆಳೆಯಿತು: ಇರಾನ್, ಅಫ್ಘಾನಿಸ್ತಾನ, ಯೆಮೆನ್‌ಗಳಿಂದ ಬಂದವರೂ ಗಂಗೋತ್ರಿಯಲ್ಲಿ ಓದಿದ್ದಾರೆ.

ಈ ನೂರು ವರ್ಷಗಳ ಪಾಠ ಒಂದೇ. ಕಾನೂನು ಬಾಗಿಲು ತೆರೆಯುತ್ತದೆ. ಅನ್ನ, ವಸತಿ ಸಿಕ್ಕಾಗ ಮಾತ್ರ ಬಡವರ ಮಕ್ಕಳು ಒಳಗೆ ಬರುತ್ತಾರೆ, ಓದು ಮುಗಿಸುತ್ತಾರೆ. ಇಲ್ಲಿ ಕಲಿತು ನೆಲೆ ಕಂಡ ಹಿರಿಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ಮಾತೃಸಂಸ್ಥೆಯ ಋಣ ತೀರಿಸಬೇಕೆನಿಸಿದರೆ ಹಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿಯ ಹಾಸ್ಟೆಲ್ ಖರ್ಚನ್ನು ವಹಿಸಿಕೊಳ್ಳಿ.